ಏಳು ಸೆಕೆಂಡಿಗೊಂದು ಹ್ಞಾಂ

ಎದುರಿಗಿರುವವರು ಮಾತಾಡುತ್ತಿರುವಾಗ ಏಳು ಸೆಕೆಂಡಿಗೊಮ್ಮೆ ‘ಹ್ಞಾಂ ರೀ’ ಎಂದರೆ ಸಾಕು, ತಮ್ಮ ಮಾತು ಪೂರ್ತಿ ಕೇಳಿಸಿಕೊಳ್ಳಲಾಗುತ್ತಿದೆ ಎಂದು ಅವರು ನಂಬಿಬಿಡುತ್ತಾರೆ. ಇದು ಪ್ರಿಯದರ್ಶಿನಿ ನಾಲ್ಕು ವರ್ಷಗಳ ನೌಕರಿಯಲ್ಲಿ ತಾನೇ ಕಂಡುಕೊಂಡ ಸತ್ಯ. ಐದು ಸೆಕೆಂಡಿಗೊಮ್ಮೆ ಅಂದರೆ ಅವಸರ ಮಾಡಿದಂತೆ ಕಾಣುತ್ತದೆ. ಹತ್ತಕ್ಕೆ ಹೋದರೆ ‘ಕೇಳ್ಲಾಕತ್ತೀರಿಲ್ಲೋ?’ ಎಂಬ ಪ್ರಶ್ನೆ ಬರುತ್ತದೆ. ಏಳು ಸರಿಯಾದ ಅಳತೆ. ಐದು ಹ್ಞಾಂಗಳಿಗೊಂದು ‘ಆಗ್ಲಿ ರೀ’ ಸೇರಿಸಬೇಕು. ಎದುರಿನವರ ಧ್ವನಿ ಇಳಿದಾಗ ಒಂದು ‘ಛೆ ಛೆ’, ಏರಿದಾಗ ಒಂದು ‘ಭಾಳ ಛಲೋ ಆತ್ರಿ’. ಇಷ್ಟನ್ನು ಬಾಯಿಗೆ ಒಪ್ಪಿಸಿಬಿಟ್ಟರೆ ಕಣ್ಣು, ಕೈ, ತಲೆ ಮೂರೂ ತಮ್ಮ ತಮ್ಮ ಕೆಲಸ ನೋಡಿಕೊಳ್ಳಬಹುದು.

ಅವಳ ತಲೆಗೆ ಕೆಲಸವೂ ಬೇಕಾದಷ್ಟಿತ್ತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ಅವಳು ಸೇಡಂ ರಸ್ತೆಯ ಒಂದು ಖಾಸಗಿ ಪ್ರಯೋಗಾಲಯದಲ್ಲಿದ್ದಳು. ಅಲ್ಲಿ ಬಾಳೆಯ ಕಂದಿನ ಒಳಗಿನ ಎಳೆಯ ತುದಿಯನ್ನು ಬಿಡಿಸಿ, ಗಾಜಿನ ಬಾಟಲಿಗಳಲ್ಲಿಟ್ಟು, ಒಂದನ್ನು ಸಾವಿರ ಸಸಿ ಮಾಡುತ್ತಿದ್ದರು. ಕಂದು ಎಂದರೆ ಬಾಳೆಯ ಬುಡದಲ್ಲಿ ಏಳುವ ಮರಿ. ಯಾವ ತೋಟದ ಯಾವ ಗಿಡದಿಂದ ಕಂದು ತೆಗೆಯಬೇಕೆಂದು ಆರಿಸುವುದು ಪ್ರಿಯದರ್ಶಿನಿಯ ಜವಾಬ್ದಾರಿ. ಈ ವರ್ಷ ಬೇಕಾಗಿದ್ದುದು ಕಮಲಾಪುರದ ಕೆಂಪು ಬಾಳೆ. ಅದರಲ್ಲೂ ದುಂಡಮ್ಮನ ತೋಟದ್ದು.

ಅರವತ್ತೈದರ ದುಂಡಮ್ಮ ಕಂದನ್ನು ಯಾರಿಗೂ ಕೊಡುವವಳಲ್ಲ. ಪ್ರಯೋಗಾಲಯದ ಮುಖ್ಯಸ್ಥ ಯಶವಂತ ಎರಡು ಸಲ ಸ್ವತಃ ಹೋಗಿ, ಎರಡು ಸಲವೂ ಚಹಾ ಕುಡಿದು ಬರಿಗೈಯಲ್ಲಿ ಬಂದಿದ್ದರು. ಈ ಹಂಗಾಮಿನಲ್ಲೂ ಸಿಗದಿದ್ದರೆ ಕೆಂಪು ಬಾಳೆಯ ಕೆಲಸವನ್ನೇ ಕೈಬಿಟ್ಟು, ಪ್ರಿಯದರ್ಶಿನಿಯನ್ನು ಬಾಟಲಿ ತೊಳೆಯುವ ವಿಭಾಗದ ಉಸ್ತುವಾರಿಗೆ ಹಾಕುವುದಾಗಿ ಅವರು ನಗುನಗುತ್ತಲೇ ಹೇಳಿದ್ದರು. ಆ ನಗು ಅವಳಿಗೆ ಸೇರಿರಲಿಲ್ಲ.

ಹೋದ ಗುರುವಾರ ಅವಳು ಕಮಲಾಪುರಕ್ಕೆ ಹೋಗಿದ್ದಳು. ದುಂಡಮ್ಮ ಗಿಡದಿಂದ ಗಿಡಕ್ಕೆ ಅವಳ ಹಿಂದೆಯೇ ಬಂದು ನಲವತ್ತು ನಿಮಿಷ ಮಾತಾಡಿದ್ದಳು. ಪ್ರಿಯದರ್ಶಿನಿ ಕಾಂಡದ ಸುತ್ತಳತೆ ತೆಗೆದು, ಎಲೆ ಎಣಿಸಿ, ಫೋಟೋ ಹೊಡೆದು, ನಡುವೆ ಬಂದ ಎರಡು ಫೋನ್ ಮುಗಿಸಿ, ಚೆನ್ನಾಗಿ ಕಂಡ ಹದಿನಾಲ್ಕು ಗಿಡಗಳಿಗೆ ನೀಲಿ ಪಟ್ಟಿ ಕಟ್ಟಿ, ಏಳು ಸೆಕೆಂಡಿಗೊಮ್ಮೆ ತಪ್ಪದೆ ಹ್ಞಾಂ ಅಂದಿದ್ದಳು.

ಸೋಮವಾರ ಬೆಳಿಗ್ಗೆ ಫೋನ್ ಬಂತು.

“ಮೇಡಂ, ನಾ ಕಮಲಾಪುರದ ದುಂಡಮ್ಮ ಮಾತಾಡ್ಲಾಕತ್ತೀನ್ರಿ. ಗುರುವಾರ ಬಂದು ಕಂದು ಒಯ್ಯರಿ.”

ಪ್ರಿಯದರ್ಶಿನಿ ಕುರ್ಚಿಯಿಂದ ಎದ್ದು ನಿಂತಳು.

“ನೀವು ಅವತ್ತು ಒಪ್ಪಿದ್ರಿ, ಅದಕ್ಕ ನಾನೂ ಒಪ್ಪೀನಿ,” ಎಂದಳು ದುಂಡಮ್ಮ. “ಆ ಮಾತು ನಡಸಬೇಕು ಮತ್ತ. ಆಮ್ಯಾಲ ಹಂಗಲ್ಲ ಹಿಂಗ ಅನ್ನಂಗಿಲ್ಲ.”

ಯಾವ ಮಾತು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನಾಲಿಗೆಗೆ ನಾಲ್ಕು ವರ್ಷದ ರೂಢಿ. ಅದು ತನ್ನಷ್ಟಕ್ಕೆ ತಾನೇ “ಹ್ಞಾಂ ರೀ, ಆಗ್ಲಿ ರೀ” ಎಂದುಬಿಟ್ಟಿತು. ಫೋನ್ ಕಟ್ಟಾಯಿತು.

ಯಶವಂತರಿಗೆ ಸುದ್ದಿ ಮುಟ್ಟಿಸಿದಾಗ ಅವರು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, “ಎಕ್ಸಲೆಂಟ್. ನಲವತ್ತು ಕಂದು ತರ್ರಿ. ಏನರೆ ಕಂಡಿಷನ್ ಹಾಕ್ಯಾಳೇನು ಮುದುಕಿ?” ಎಂದರು.

“ಸಣ್ಣ ಮಾತು ಸರ್.”

“ಹ್ಞಾಂ ಹ್ಞಾಂ, ಮಾಡಿ ಮುಗಸ್ರಿ.”

ಸಣ್ಣದೋ ದೊಡ್ಡದೋ ತಿಳಿಯಲು ಅವಳು ಅವತ್ತಿನ ನೋಟ್‌ಬುಕ್ ತೆಗೆದಳು. ಅದರಲ್ಲಿ ಎಲ್ಲವೂ ಇತ್ತು. ಹದಿನಾಲ್ಕು ಗಿಡಗಳ ಎತ್ತರ, ಸುತ್ತಳತೆ, ಎಲೆಗಳ ಸಂಖ್ಯೆ, ಮಣ್ಣಿನ ಕ್ಷಾರಾಂಶ, ಬೆಳಿಗ್ಗೆ ಹನ್ನೊಂದರ ಉಷ್ಣಾಂಶ. ದುಂಡಮ್ಮನ ಬಗ್ಗೆ ಪುಟದ ಕೆಳಗೆ ಒಂದೇ ಸಾಲು: ‘ಮಾಲಕಿ: ಮಾತು ಜಾಸ್ತಿ.’

ಅವಳು ಲೆಕ್ಕ ಹಾಕಿದಳು. ನಲವತ್ತು ನಿಮಿಷಕ್ಕೆ ಎರಡು ಸಾವಿರದ ನಾನೂರು ಸೆಕೆಂಡು. ಏಳರಿಂದ ಭಾಗಿಸಿದರೆ ಮುನ್ನೂರ ನಲವತ್ತಮೂರು ಹ್ಞಾಂ. ಐದಕ್ಕೊಂದರಂತೆ ಅರವತ್ತೆಂಟು ‘ಆಗ್ಲಿ ರೀ’. ಅಂದರೆ ಅವಳು ಒಂದಕ್ಕಲ್ಲ, ಅರವತ್ತೆಂಟಕ್ಕೆ ಒಪ್ಪಿರುವ ಸಾಧ್ಯತೆ ಇತ್ತು.

ಪ್ರಯೋಗಾಲಯದ ಒಳಕೋಣೆಯಲ್ಲಿ ನಜ್ಮಾ ಕಂದಿನ ಸಿಪ್ಪೆ ಬಿಡಿಸುತ್ತಿದ್ದಳು. ಪ್ರಿಯದರ್ಶಿನಿಗಿಂತ ಹದಿನೈದು ವರ್ಷ ದೊಡ್ಡವಳು, ಅದಕ್ಕೇ ಅವಳಿಗೆ ‘ಆಪಾ’, ಅಂದರೆ ಅಕ್ಕ. ಆ ಕೋಣೆಯಲ್ಲಿ ಅವಳಷ್ಟು ನಾಜೂಕಾದ ಕೈ ಇನ್ನೊಬ್ಬರದಿರಲಿಲ್ಲ. ಬ್ಲೇಡು ಹಿಡಿದಾಗ ನಜ್ಮಾ ಮಾತಾಡುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಬ್ಲೇಡನ್ನು ಕೆಳಗಿಟ್ಟು, ಮುಖಕ್ಕೆ ಕಟ್ಟಿದ ಬಟ್ಟೆ ಇಳಿಸಿ, ಪೂರ್ತಿ ತಿರುಗಿ ಕೂರುತ್ತಿದ್ದಳು. ಇದರಿಂದ ದಿನಕ್ಕೆ ಎಷ್ಟು ನಿಮಿಷ ಹಾಳಾಗುತ್ತದೆಂದು ಪ್ರಿಯದರ್ಶಿನಿ ಒಮ್ಮೆ ಲೆಕ್ಕ ಹಾಕಿಟ್ಟಿದ್ದಳು. ಇವತ್ತು ಅದೇ ನಜ್ಮಾಳ ಮುಂದೆ ಬಂದು ನಿಂತಳು.

ಎಲ್ಲ ಕೇಳಿ ನಜ್ಮಾ ಬಹಳ ಹೊತ್ತು ನಕ್ಕಳು. “ಅರೆ, ಕೈಕು ಟೆನ್ಷನ್ ಲೇತೆ? ಸೀದಾ ಕೇಳು. ಅಮ್ಮಾ, ನಾ ಅವತ್ತು ಕೇಳಿಸ್ಕೊಂಡಿಲ್ಲ, ಮತ್ತೊಮ್ಮೆ ಹೇಳ್ರಿ ಅನ್ನು.”

“ನಲವತ್ತು ನಿಮಿಷ ಮಾತಾಡ್ಯಾರ ಆಪಾ. ಒಂದು ಮಾತೂ ಕಿವಿಗಿ ಹಾಕ್ಕೊಂಡಿಲ್ಲ ಅಂದ್ರ ಕಂದು ಕೊಡ್ತಾರೇನು?”

“ಕೊಡಂಗಿಲ್ಲ,” ನಜ್ಮಾ ಒಪ್ಪಿಕೊಂಡಳು. “ನಾನಾಗಿದ್ರ ಚಹಾನೂ ಕೊಡ್ತಿರ್ಲಿಲ್ಲ.”

ಕೊನೆಗೆ, ಕೇಳಿಸಿಕೊಂಡಿಲ್ಲವೆಂಬುದು ಗೊತ್ತಾಗದಂತೆ ದುಂಡಮ್ಮನ ಬಾಯಿಂದಲೇ ವಿಷಯ ಹೊರಡಿಸುವುದು ಎಂದಾಯಿತು. ಮಂಗಳವಾರ ಮಧ್ಯಾಹ್ನ ನಜ್ಮಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಪ್ರಿಯದರ್ಶಿನಿ ಫೋನ್ ಮಾಡಿದಳು.

“ಅಮ್ಮಾರ, ಗುರುವಾರಕ್ಕ ನನ್ನ ಕಡಿಂದ ತಯಾರಿ ಏನರೆ ಬೇಕೇನ್ರಿ?”

“ಏನಿಲ್ರಿ. ಸೀರಿ ಉಟ್ಕೊಂಡು ಬರ್ರಿ. ಅವತ್ತಿನ ಪ್ಯಾಂಟು ನಡಿಯಂಗಿಲ್ಲ.”

“ಹ್ಞಾಂ ರೀ. ಮತ್ತ?”

“ಹೊಟ್ಟಿ ಖಾಲಿ ಇಟ್ಕೊಂಡು ಬರ್ರಿ. ನಮ್ಮ ತಮ್ಮನ ಮಗ ರೇವಣ ಬಸ್ ಸ್ಟ್ಯಾಂಡಿಗಿ ಬರ್ತಾನ, ಅವನ ಗಾಡಿ ಮ್ಯಾಲ ಬರ್ರಿ. ಅಂದಂಗ, ನಿಮ್ಮ ಅವ್ವಾರಿಗಿ ಕೇಳಿದ್ರಿ?”

“ಕೇಳ್ಲಾಕತ್ತೀನ್ರಿ.”

“ಏನಂದ್ರು?”

“ವಿಚಾರ ಮಾಡ್ಲಾಕತ್ತಾರ್ರಿ.”

“ಮಾಡ್ಲಿ ಮಾಡ್ಲಿ. ಮನಿ ಹಿರೇರು, ಅವರ ಒಪ್ಪಿಗಿ ಬೇಕು.”

ಫೋನ್ ಇಟ್ಟಾಗ ನಜ್ಮಾಳ ಕಣ್ಣುಗಳು ಹೊಳೆಯುತ್ತಿದ್ದವು. “ಸೀರಿ. ಖಾಲಿ ಹೊಟ್ಟಿ. ತಮ್ಮನ ಮಗ. ಅವ್ವನ ಒಪ್ಪಿಗಿ. ಇನ್ನೇನು ಬೇಕು ನಿನಗ? ಮುಬಾರಕ್.”

“ಸುಮ್ಮಿರು ಆಪಾ. ನಾಲ್ಕು ಲಕ್ಷಣ ಕೂಡಿದ್ರ ರೋಗ ಗೊತ್ತಾತು ಅಂತಲ್ಲ.”

“ರೋಗ ಅನ್ನಬ್ಯಾಡ, ಪಾಪ ಹುಡುಗ.”

ಸಂಜೆ ಬ್ರಹ್ಮಪುರದ ಮನೆಯಲ್ಲಿ ಅವಳು ಇನ್ನಷ್ಟು ಆಧಾರ ಹುಡುಕಲು ಕೂತಳು. ರೇವಣನೆಂಬ ಹೆಸರು ಫೋನಿನಲ್ಲಿ ಎಲ್ಲಾದರೂ ಸಿಗುತ್ತದೋ ಎಂದು ಬೆರಳಾಡಿಸುತ್ತಿದ್ದಾಗ ಅವಳ ತಾಯಿ ಭುವನೇಶ್ವರಿ ಹಿತ್ತಲಿನ ನಳದ ವಿಷಯ ಹೇಳುತ್ತಿದ್ದಳು. ಪ್ರಿಯದರ್ಶಿನಿ ಏಳು ಸೆಕೆಂಡಿಗೊಂದರಂತೆ ನಡೆಸಿಕೊಂಡು ಹೋದಳು. ಮಾತು ನಿಂತ ಮೇಲೆ ಕೇಳಿದಳು: “ಅವ್ವ, ಗುರುವಾರ ನನಗ ಒಂದು ಸೀರಿ ಬೇಕು.”

“ಯಾಕ, ಯಾರ ಮದುವಿ?”

“ಮದುವಿ ಅಲ್ಲ. ಬಾಳೀ ಕಂದು ತರ್ಲಿಕ್ಕೆ.”

ಭುವನೇಶ್ವರಿ ಮಗಳನ್ನು ಮೇಲಿಂದ ಕೆಳಗೆ ನೋಡಿದಳು. “ಕಂದು ತರ್ಲಿಕ್ಕೆ ಸೀರಿ ಉಟ್ಟವರನ್ನ ನಾ ಇನ್ನಾ ನೋಡಿಲ್ಲ,” ಎಂದಳು. ಆದರೆ ಪೆಟ್ಟಿಗೆಯಿಂದ ಇಳಕಲ್ ಸೀರೆಯನ್ನು ಮಾತ್ರ ಅವಸರದಿಂದಲೇ ತೆಗೆದಳು. ಕೇಳಿದರೆ ಮಗಳು ಮನಸ್ಸು ಬದಲಿಸಿಯಾಳೆಂಬ ಭಯ ಅವಳಿಗೆ.

ಗುರುವಾರ ಹುಮನಾಬಾದ್ ಕಡೆಯ ಬಸ್ಸಿನಲ್ಲಿ, ಖಾಲಿ ಹೊಟ್ಟೆಯಲ್ಲಿ, ನೆರಿಗೆ ಸರಿಪಡಿಸಿಕೊಳ್ಳುತ್ತ ಪ್ರಿಯದರ್ಶಿನಿ ಒಂದು ವಾಕ್ಯ ತಯಾರಿಸಿದಳು: ‘ನೀವು ಹ್ಯಾಂಗ ಹೇಳಿದ್ರೋ ಹಂಗೇ ಅಮ್ಮಾರ.’ ಯಾವ ಮಾತಿಗೂ ಇದು ಒಗ್ಗುತ್ತದೆ. ಮದುವೆಯ ಮಾತಾದರೆ ಮಾತ್ರ ಕಷ್ಟ. ಅದಕ್ಕೊಂದು ಬೇರೆ ವಾಕ್ಯ ಬೇಕು. ಬಸ್ಸು ಕಮಲಾಪುರ ಮುಟ್ಟುವವರೆಗೂ ಅದು ಹೊಳೆಯಲಿಲ್ಲ.

ನಿಲ್ದಾಣದ ಹೊರಗೆ ಬುಟ್ಟಿಗಳಲ್ಲಿ ಕೆಂಪು ಬಾಳೆ ಇಟ್ಟುಕೊಂಡು ಕೂತವರ ಪಕ್ಕದಲ್ಲಿ ರೇವಣ ಮೋಟರ್ ಸೈಕಲ್ ನಿಲ್ಲಿಸಿಕೊಂಡಿದ್ದ. ಮೂವತ್ತರ ಆಸುಪಾಸು, ಹನಿ ನೀರಾವರಿಯ ಪೈಪಿನ ಅಂಗಡಿ. ಸೀರೆಯಲ್ಲಿ ಅವಳನ್ನು ಕಂಡು, “ಅತ್ತಿ ಹೇಳಿದ್ದು ನೀವು ನಡಸ್ಲಾಕತ್ತೀರಿ, ಬಿಡ್ರಿ,” ಎಂದು ನಕ್ಕ.

ಗಾಡಿ ಹೊರಟ ಮೇಲೆ ಅವಳು ಕೇಳಿದಳು: “ನಿಮ್ಮ ಅತ್ತಿಯವರು ನನ್ನ ಬಗ್ಗೆ ಏನರೆ ಹೇಳ್ಯಾರೇನ್ರಿ?”

“ಭಾಳ ಹೇಳ್ಯಾಳ್ರಿ. ಎಲ್ಲಾದಕ್ಕೂ ಹ್ಞಾಂ ಅನ್ನೋ ಹೆಣ್ಣಮಗಳನ್ನ ಇಷ್ಟು ವರ್ಷಕ್ಕ ಇದೇ ಮೊದಲ್ ನೋಡ್ದೆ ಅಂದ್ಳು.”

ಇದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ. ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು. “ನಿಮ್ಮದು ಮದುವಿ…?”

“ನಿಶ್ಚಯ ಆಗ್ಯದಲ್ರಿ, ಆಳಂದದ ಹುಡುಗಿ. ಮುಂದಿನ ತಿಂಗಳು ಲಗ್ನದ ಅಕ್ಕಿಕಾಳು. ಅವತ್ತು ಅತ್ತಿ ನಿಮ್ಮ ಮುಂದ ಹೇಳ್ದಳಲ್ರಿ, ನಾನೂ ಅಲ್ಲೇ ಪೈಪ್ ಜೋಡಸ್ಲಾಕತ್ತಿದ್ದೆ.” ಅವನು ತುಸು ತಡೆದು, ಮೆತ್ತಗೆ ಹೇಳಿದ: “ನೀವು ಛೆ ಛೆ ಅಂದ್ರಿ.”

ಪ್ರಿಯದರ್ಶಿನಿಗೆ ಒಂದು ಭಾರ ಇಳಿದು, ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಮದುವೆಯ ಮಾತು ಅಲ್ಲ. ಹಾಗಾದರೆ ಏನು? ಉಳಿದ ದಾರಿಯುದ್ದಕ್ಕೂ ರೇವಣ ಏನೋ ಹೇಳುತ್ತಿದ್ದ. ಅವಳ ಬಾಯಿ ಎರಡು ಸಲ ತೆರೆದು, ಎರಡು ಸಲವೂ ಹೆದರಿ ಮುಚ್ಚಿಕೊಂಡಿತು.

ದುಂಡಮ್ಮ ಪಡಸಾಲೆಯಲ್ಲಿ ಎಲೆ ಹಾಕಿಸಿಕೊಂಡು ಕಾಯುತ್ತಿದ್ದಳು. ಎತ್ತರದ, ಒಣಗಿದ ಮೈಕಟ್ಟಿನ ಹೆಂಗಸು. ನೋಡಿದರೆ ನೋಡುತ್ತಲೇ ಇರುವ ಕಣ್ಣು. “ಮೊದಲ ಊಟ, ಆಮ್ಯಾಲ ಮಾತು,” ಎಂದಳು. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿಬೇಳೆ, ಶೇಂಗಾ ಹಿಂಡಿ, ಮೊಸರು, ಬೆಲ್ಲ, ಕೊನೆಗೊಂದು ಕೆಂಪು ಬಾಳೆಹಣ್ಣು. ಈ ಸೀಮೆಯಲ್ಲಿ ಮನೆಗೆ ಬಂದವರಿಗೆ ಎಣ್ಣೆಗಾಯಿ ಮಾಡದೆ ಬಡಿಸುವವರಿಲ್ಲ. ಎಲೆಯಲ್ಲಿ ಬದನೆಕಾಯಿಯ ಸುಳಿವಿರಲಿಲ್ಲ. ಪ್ರಿಯದರ್ಶಿನಿ ಎಲೆಯ ಮೇಲೆ ಒಮ್ಮೆ ಕಣ್ಣಾಡಿಸಿದ್ದನ್ನು ದುಂಡಮ್ಮ ಕಂಡಳು.

“ಬದ್ನಿಕಾಯಿ ತಿಂದ್ರ ನಿಮಗ ಮೈ ಕೆರತ ಬರ್ತದಲ್ರಿ. ಅದಕ್ಕ ಮಾಡಿಲ್ಲ.”

“ನಿಮಗ್ಯಾರು ಹೇಳಿದ್ರು?”

“ನೀವೇ ಹೇಳಿದ್ರಿ. ನನಗಲ್ಲ. ಅವತ್ತು ಫೋನಿನ್ಯಾಗ ಯಾರೋ ಊಟಕ್ಕ ಕರ್ಲಾಕತ್ತಿದ್ರು, ಅವರಿಗಿ ಅಂದ್ರಿ. ನಾ ಬಾಜೂಕೇ ಇದ್ದೆ.”

ಪ್ರಿಯದರ್ಶಿನಿ ಎತ್ತಿದ ತುತ್ತನ್ನು ಎಲೆಗೆ ಇಳಿಸಿದಳು. ತಾನು ಇನ್ನೊಬ್ಬರಿಗೆ ಆಡಿದ ಮಾತನ್ನು ಈ ಹೆಂಗಸು ಕೇಳಿ, ಒಂದು ವಾರ ನೆನಪಿಟ್ಟು, ಅದನ್ನು ಅಡಿಗೆ ಮಾಡಿ ಬಡಿಸಿದ್ದಾಳೆ. ತನಗೇ ಆಡಿದ ನಲವತ್ತು ನಿಮಿಷದ ಮಾತಿನಲ್ಲಿ ತನ್ನ ಬಳಿ ಉಳಿದಿರುವುದು ‘ಮಾತು ಜಾಸ್ತಿ’ ಎಂಬ ಎರಡು ಶಬ್ದ.

ಕೈತೊಳೆದು ಕೂತ ಮೇಲೆ ದುಂಡಮ್ಮ ಸೆರಗು ಸರಿಪಡಿಸಿಕೊಂಡು ಎದುರಿಗೆ ಕೂತಳು. “ಈಗ ಹೇಳ್ರಿ ಮೇಡಂ. ಒಪ್ಪಿದ ಮಾತು ನಿಮ್ಮ ಬಾಯಿಲಿ ಒಮ್ಮಿ ಹೇಳ್ರಿ. ರೇವಣನೂ ಇದ್ದಾನ, ಕೇಳ್ಲಿ.”

“ನೀವು ಹ್ಯಾಂಗ ಹೇಳಿದ್ರೋ…” ಎಂದು ಶುರುಮಾಡಿದಳು ಪ್ರಿಯದರ್ಶಿನಿ. ಬಸ್ಸಿನಲ್ಲಿ ಅಷ್ಟು ಚೆನ್ನಾಗಿದ್ದ ವಾಕ್ಯ ಇಲ್ಲಿ, ಈ ಕಣ್ಣಿನ ಮುಂದೆ, ಅರ್ಧಕ್ಕೇ ನಿಂತುಹೋಯಿತು. ಕಂದು ಸಿಗದಿದ್ದರೆ ಬಾಟಲಿ ತೊಳೆಯುವ ವಿಭಾಗ. ಸರಿ, ಅಲ್ಲಿಯೂ ಜನ ಇದ್ದಾರೆ.

“ಅಮ್ಮಾರ, ನನಗ ಗೊತ್ತಿಲ್ರಿ. ಅವತ್ತು ನೀವು ಆಡಿದ್ದು ಒಂದೂ ನಾ ಕೇಳಿಸ್ಕೊಂಡಿಲ್ಲ. ಸುಮ್ಮ ಹ್ಞಾಂ ಅಂದೀನಿ.”

ರೇವಣ ನೆಲ ನೋಡಿದ. ದುಂಡಮ್ಮ ಮಾತ್ರ ಅಲುಗಾಡಲಿಲ್ಲ.

“ಗೊತ್ತದ,” ಎಂದಳು.

“ಗೊತ್ತದೇನ್ರಿ?”

“ಹತ್ತು ನಿಮಿಷಕ್ಕೇ ಗೊತ್ತಾತು. ಆಮ್ಯಾಲ ಪರೀಕ್ಷಾ ಮಾಡ್ದೆ. ನಮ್ಮ ಎಮ್ಮಿ ಮೊನ್ನಿ ಹುಲಿಮರಿ ಹಾಕ್ಯದ ಮೇಡಂ ಅಂದೆ. ನೀವು ಏನಂದ್ರಿ?”

ಪ್ರಿಯದರ್ಶಿನಿ ಕಣ್ಣು ಮುಚ್ಚಿಕೊಂಡಳು. ಉತ್ತರ ಅವಳಿಗೆ ಗೊತ್ತಿತ್ತು; ಸೂತ್ರ ಅವಳದೇ. “ಭಾಳ ಛಲೋ ಆತ್ರಿ.”

“ಹೌದು. ಅದನ್ನ ನಿಮ್ಮ ಆಫೀಸಿಗಿ ಕಳಸ್ತೀನಿ, ಸಾಕ್ರಿ ಅಂದೆ.”

“ಆಗ್ಲಿ ರೀ,” ಎಂದ ರೇವಣ, ತಡೆಯಲಾಗದೆ. ಮೂವರೂ ನಕ್ಕರು, ಪ್ರಿಯದರ್ಶಿನಿ ಎಲ್ಲರಿಗಿಂತ ತಡವಾಗಿ.

“ಹಂಗಾದ್ರ ಕಂದು ಯಾಕ ಕೊಡ್ತೀನಿ ಅಂದ್ರಿ?”

“ಕೊಡ್ತೀನಿ ಅಂದ್ರ ಬರ್ತೀರಿ. ಬಂದ ಮ್ಯಾಲ ಏನು ಹೇಳ್ತೀರಿ ನೋಡೋಣ ಅಂತ. ನಿಮ್ಮ ಸಾಹೇಬ್ರು ಎರಡು ಸಲ ಬಂದಾಗೂ ಹಿಂಗೇ ಕೇಳ್ದೆ. ಅವರು ‘ನೀವು ಹೇಳಿದಂಗೇ ಆಗ್ಲಿ’ ಅಂದ್ರು. ಚಹಾ ಕುಡ್ಸಿ ಕಳಸ್ದೆ.” ದುಂಡಮ್ಮ ಕೈ ಚಾಚಿದಳು. “ಫೋನು ಕೊಡ್ರಿ. ಅಲ್ಲಿ ಗೂಡಿನ್ಯಾಗ ಇಡ್ತೀನಿ. ಅವತ್ತು ಹೇಳಿದ್ದೆಲ್ಲಾ ಮತ್ತ ಹೇಳ್ತೀನಿ. ಒಂದೇ ಕರಾರು. ಹ್ಞಾಂ ಅನ್ನಂಗಿಲ್ಲ.”

ಇದು ಎಷ್ಟು ಕಷ್ಟದ ಕೆಲಸವೆಂದು ಪ್ರಿಯದರ್ಶಿನಿಗೆ ಮೊದಲು ತಿಳಿಯಲಿಲ್ಲ. ಎರಡನೆಯ ನಿಮಿಷಕ್ಕೆ ತುಟಿ ತಾನಾಗಿ ಬಿಚ್ಚಿಕೊಂಡಿತು, ಕಚ್ಚಿ ಹಿಡಿದಳು. ನಾಲ್ಕನೆಯ ನಿಮಿಷಕ್ಕೆ ಮನಸ್ಸು ಎದ್ದು ಸೇಡಂ ರಸ್ತೆಗೆ ಹೋಗಿ, ಬಾಟಲಿಗಳ ಕೋಣೆಯ ಉಷ್ಣಾಂಶ ನೋಡಿಕೊಂಡು ಬಂತು. ದುಂಡಮ್ಮ ಒಡನೆ ಮಾತು ನಿಲ್ಲಿಸಿ, “ಎಲ್ಲಿಗಿ ಹೋಗಿದ್ರಿ?” ಎಂದಳು. “ಆಫೀಸಿಗ್ರಿ,” ಎಂದಳು ಪ್ರಿಯದರ್ಶಿನಿ. “ಬರ್ರಿ,” ಎಂದು ಕರೆದು ದುಂಡಮ್ಮ ಮುಂದುವರಿಸಿದಳು.

ಕಥೆ ಆರು ವರ್ಷದ ಹಿಂದಿನದು. ದುಂಡಮ್ಮನ ಮೈದುನ ಗುರುಲಿಂಗನಿಗೆ ತಡವಾಗಿ ಮದುವೆಯಾಯಿತು. ಮದುವೆಯಲ್ಲಿ ಬೀಗರು ಕೊಟ್ಟ ಕೈಗಡಿಯಾರ ಮೂರನೆಯ ದಿನ ನಿಂತುಹೋಯಿತು. ಗುರುಲಿಂಗ ಸಿಟ್ಟಾದ. ಬೀಗರು ರಿಪೇರಿ ಮಾಡಿಸಿ ಕೊಟ್ಟರು. ಅದು ಮತ್ತೆ ನಿಂತಿತು. ಗುರುಲಿಂಗ ಹೆಂಡತಿಯ ಮನೆಗೆ ಕಾಲಿಡುವುದಿಲ್ಲವೆಂದ. ನಡುವೆ ಗಡಿಯಾರದ ಅಂಗಡಿಯವನ ಗುಣ, ಅವನ ತಾಯಿಯ ಗುಣ, ಆ ವರ್ಷದ ಮಾವಿನಕಾಯಿ. ಹಿಂದಿನ ಸಲವಾಗಿದ್ದರೆ ಇಷ್ಟರಲ್ಲಿ ಪ್ರಿಯದರ್ಶಿನಿ ಮೂರು ಗಿಡ ಅಳೆದು ಮುಗಿಸಿರುತ್ತಿದ್ದಳು. ಈಗ ಅಳೆಯಲು ದುಂಡಮ್ಮನ ಮುಖ ಬಿಟ್ಟರೆ ಬೇರೇನೂ ಇರಲಿಲ್ಲ. ಗಡಿಯಾರದ ಮಾತು ಬಂದಾಗ ಆ ಮುಖ ನಗುತ್ತಿತ್ತು. ಆದರೆ ಬೀಗರ ಹೆಸರು ಬಂದಾಗಲೆಲ್ಲ ಹುಬ್ಬಿನ ನಡುವೆ ಒಂದು ಗೆರೆ ಮೂಡಿ ಹೋಗುತ್ತಿತ್ತು. ಆ ಗೆರೆ ಯಾಕೆಂದು ತಿಳಿಯುವ ಆಸೆ ಅವಳಲ್ಲಿ ಹುಟ್ಟಿತು. ಅದು ಹುಟ್ಟಿದ ಮೇಲೆ ತುಟಿ ಕಚ್ಚುವ ಅಗತ್ಯ ಬೀಳಲಿಲ್ಲ.

“ಆಮ್ಯಾಲ ಬೀಗರು ಅವನ ಸಿಟ್ಟು ಇಳಸ್ಲಿಕ್ಕೆ ತಮ್ಮ ಊರಿಂದ ಒಂದು ಬಂಡಿ ಬಾಳೀ ಕಂದು ಕಳಸಿದ್ರು,” ಎಂದಳು ದುಂಡಮ್ಮ. “ಗುರುಲಿಂಗ ಖುಷಿಲಿ ಇದೇ ತ್ವಾಟದಾಗ ಹಚ್ಚಿದ. ಮರುವರ್ಷ ಕೆಳಗಿನ ಎಲಿ ಅಂಚಿನಿಂದ ಹಳದಿ ಆಗಿ, ಮುರದು, ಗಿಡದ ಸುತ್ತ ಲಂಗ ಉಡಿಸಿದಂಗ ಜೋತು ಬಿದ್ದವು. ಗಡಿಯಾರನೂ ಕೆಟ್ಟದ್ದು, ಕಂದೂ ಕೆಟ್ಟದ್ದು ಅಂತ ಮತ್ತ ಜಗಳ…”

“ಅಮ್ಮಾರ, ತಡೀರಿ.” ಪ್ರಿಯದರ್ಶಿನಿ ಮುಂದಕ್ಕೆ ಬಾಗಿದ್ದಳು. “ಆ ಗಿಡ ಕಡದಾಗ ಒಳಗ ಹ್ಯಾಂಗಿತ್ರಿ?”

ದುಂಡಮ್ಮ ಅವಳನ್ನೇ ನೋಡಿದಳು. “ಕೊಳತ ವಾಸನಿ. ದಿಂಡಿನ್ಯಾಗ ಕೆಂಪು-ಕರಿ ಉಂಗುರ ಉಂಗುರ. ಎಲ್ಲಾ ಕಿತ್ತು ಸುಟ್ಟೆವು.”

“ಯಾ ಸಾಲಿನ್ಯಾಗ ಹಚ್ಚಿದ್ರಿ ಅವನ್ನ?”

“ಕಾಲುವಿ ಕಡಿ ಮೂರು ಸಾಲು.”

ಪ್ರಿಯದರ್ಶಿನಿ ನೋಟ್‌ಬುಕ್ ತೆರೆದಳು. ನೀಲಿ ಪಟ್ಟಿ ಕಟ್ಟಿದ ಹದಿನಾಲ್ಕರಲ್ಲಿ ಹನ್ನೊಂದು ಗಿಡ ಆ ಮೂರು ಸಾಲಿನವು. ಆ ಲಕ್ಷಣಗಳು ಸೊರಗು ರೋಗದವು. ಅದರ ಶಿಲೀಂಧ್ರ ಮಣ್ಣಿಗೆ ಒಮ್ಮೆ ಬಂದರೆ ದಶಕಗಳ ಕಾಲ ಹೋಗುವುದಿಲ್ಲ. ಮೇಲೆ ಗಿಡ ಎಷ್ಟೇ ಚೆಂದ ಕಂಡರೂ ಅದು ಕಂದಿನೊಳಗೆ ಸುಮ್ಮನೆ ಕೂತಿರಬಹುದು. ಸುತ್ತಳತೆ, ಎತ್ತರ, ಎಲೆಗಳ ಸಂಖ್ಯೆ, ಅವಳ ಯಾವ ಅಳತೆಯೂ ಅದನ್ನು ಹೇಳಿರಲಿಲ್ಲ. ಹೇಳಿದ್ದು ಒಂದು ಕೆಟ್ಟ ಕೈಗಡಿಯಾರ. ಅದೂ ಎರಡನೆಯ ಸಲ ಹೇಳಿದ್ದು.

“ಇದನ್ನ ಅವತ್ತೂ ಹೇಳಿದ್ರೇನ್ರಿ?”

“ಆ ಸಾಲಿನ್ಯಾಗೇ ನಿಂತು ಹೇಳ್ದೆ. ನೀವು ಪಟ್ಟಿ ಕಟ್ಲಾಕತ್ತಿದ್ರಿ.” ದುಂಡಮ್ಮನ ಹುಬ್ಬಿನ ಗೆರೆ ಅಳಿಸಿಹೋಗಿತ್ತು. ಧ್ವನಿಯೂ ಬೇರೆಯಾಗಿತ್ತು. “ಈಗ ಕೇಳಿದಿ ನೋಡವ್ವ. ಯಾ ಸಾಲು ಅಂತ ಇಲ್ಲೀ ತನಕ ಒಬ್ರು ಕೇಳಿರ್ಲಿಲ್ಲ. ಕೇಳದವರ ಕೈಯಾಗ ಕಂದು ಹ್ಯಾಂಗ ಕೊಡ್ಲಿ? ಬ್ಯಾನಿ ಹಿಡದದ್ದು ಒಯ್ದು ಊರ ತುಂಬ ಹಂಚಿ, ದುಂಡಮ್ಮನ ತೋಟದ್ದು ಅಂತಾರ.”

ಒಪ್ಪಿದ ಮಾತು ಯಾವುದೆಂಬುದು ಕೊನೆಗೆ ಬಂತು. ಅದು ನಿಜವಾಗಿಯೂ ಸಣ್ಣದಿತ್ತು. ಉಳಿದ ಕಂದುಗಳನ್ನು ಬಾಟಲಿಯಲ್ಲಿ ಏನು ಬೇಕಾದರೂ ಮಾಡಿಕೊಳ್ಳಲಿ. ಒಂದನ್ನು ಮಾತ್ರ ಪ್ರಿಯದರ್ಶಿನಿ ತನ್ನ ಮನೆಯ ಮಣ್ಣಿನಲ್ಲಿ ನೆಟ್ಟು, ದಿನಾ ಬೆಳಿಗ್ಗೆ ನೋಡಬೇಕು. ಅಳೆಯುವುದಲ್ಲ, ನೋಡುವುದು. ಹೇಗಿದೆಯೆಂದು ತಿಂಗಳಿಗೊಮ್ಮೆ ಬಂದು ಹೇಳಬೇಕು. ತಾಯಿಯನ್ನು ಕೇಳು ಅಂದಿದ್ದು ಜಾಗಕ್ಕಾಗಿ.

“ಎಲ್ಲಿ ಹಚ್ಚತಿ?”

“ಹಿತ್ತಲದಾಗ್ರಿ. ನಳದ ನೀರು ಹರದು ಗ್ವಾಡಿ ಬುಡಕ ಹಸಿ ನಿಂತದ, ಏನರೆ ಹಚ್ಚಬೇಕು ಅಂತ ಅವ್ವ ಮೊನ್ನಿ ಹೇಳ್ಲಾಕತ್ತಿದ್ಳು.” ಹೇಳಿದ ಮೇಲೆ ಅವಳಿಗೇ ಅಚ್ಚರಿಯಾಯಿತು. ಆ ಮಾತು ಕಿವಿಯ ಹೊರಗೆಲ್ಲೋ ಕೂತು ಎರಡು ದಿನ ಕಾದಿತ್ತು.

ಮೂವರೂ ತೋಟಕ್ಕೆ ಹೋದರು. ಪ್ರಿಯದರ್ಶಿನಿ ಮೊದಲು ಹನ್ನೊಂದು ನೀಲಿ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದಳು. ಬಾವಿಯ ಕಡೆಯ ಮೇಲಿನ ಸಾಲುಗಳಿಗೆ ಕಾಲುವೆಯ ನೀರು ಹತ್ತುವುದಿಲ್ಲ, ಅಲ್ಲಿಗೆ ಬೇರೆ ಊರಿನ ಕಂದು ಎಂದೂ ಬಂದಿಲ್ಲ ಎಂದು ದುಂಡಮ್ಮನಿಂದ ಕೇಳಿ ತಿಳಿದುಕೊಂಡಳು. ಪಟ್ಟಿ ಉಳಿದ ಮೂರು ಗಿಡಗಳೂ ಅಲ್ಲಿಯವೇ. ಆ ಸಾಲುಗಳಲ್ಲೇ ಹದಿಮೂರು ಕಂದು ಆರಿಸಿದಳು. ರೇವಣ ಹಾರೆ ಹಾಕಿ ಎಬ್ಬಿಸಿದ.

ಹನ್ನೆರಡು ಚೀಲಕ್ಕೆ ಹೋದವು. ಹದಿಮೂರನೆಯದನ್ನು ತೊಳೆದು ದುಂಡಮ್ಮ ಒಳಗೆ ತಂದಳು. “ಪದರು ಹಿಡಿ,” ಎಂದಳು. ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕಿ ಉಡಿ ತುಂಬುವುದು ಎಲ್ಲ ಮನೆಗಳಲ್ಲೂ ಉಂಟು. ಈ ಮನೆಯಲ್ಲಿ ಬಾಳೆಯ ಕಂದು ಹೊರಟರೂ ಹಾಗೆಯೇ. ಸೀರೆ ಬೇಕಾಗಿದ್ದುದು ಅದಕ್ಕೆ. ಅಕ್ಕಿ, ಕೊಬ್ಬರಿಯ ಮೇಲೆ ಕಂದು ಬಂದು ಕೂತಾಗ ಸೆರಗು ಕೆಳಕ್ಕೆ ಜಗ್ಗಿತು. ಒಂದೂವರೆ ಕಿಲೋ ಇರಬಹುದೆಂದು ಪ್ರಿಯದರ್ಶಿನಿ ಅಂದಾಜು ಮಾಡಿದಳು. ಆಮೇಲೆ ಅಂದಾಜು ಬಿಟ್ಟು ಅದನ್ನು ನೋಡಿದಳು. ಬುಡದಲ್ಲಿ ಕೆಂಪು ಇಣುಕುತ್ತಿತ್ತು.

“ರೇವಣ್ಣ,” ಹೊರಡುವಾಗ ಅವಳು ಹೇಳಿದಳು, “ನಿಮ್ಮ ಮದುವಿ ಸುದ್ದಿ ಕೇಳಿ ಭಾಳ ಖುಷಿ ಆತ್ರಿ. ಅವತ್ತಿನ ಛೆ ಛೆ ವಾಪಸ್ ತಗೊಂಡೀನಿ.”

“ಲಗ್ನಕ್ಕ ಬಂದ್ರ ಮಾಫಿ,” ಎಂದ ರೇವಣ.

ಕಮಲಾಪುರದ ಬಸ್ ನಿಲ್ದಾಣದಲ್ಲಿ, ಉಡಿ ತುಂಬಿದ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅವಳು ಯಶವಂತರಿಗೆ ಫೋನ್ ಮಾಡಿದಳು. ನಲವತ್ತು ಅಂದಿದ್ದವರಿಗೆ ಹನ್ನೆರಡು ಎಂದು ಹೇಳಬೇಕಿತ್ತು. ಯಾಕೆಂಬುದು ಅವರ ತಲೆಗೆ ಹೋಗದಿದ್ದರೆ ನಾಳೆ ಬೆಳಿಗ್ಗೆ ಕಾಲುವೆಯ ಸಾಲಿಗೆ ಬೇರೆ ಯಾರನ್ನಾದರೂ ಕಳಿಸಿಯಾರು.

“ಸರ್, ಕಂದು ಸಿಕ್ಕಾವ. ಆದ್ರ ಹನ್ನೆರಡೇ. ಕಾಲುವಿ ಕಡಿ ಮೂರು ಸಾಲಿನ್ಯಾಗ ಸೊರಗು ರೋಗ ಬಂದಿತ್ತು…”

“ಹ್ಞಾಂ.”

ಆ ಕಡೆ ಕೀಲಿಮಣೆಯ ಟಕಟಕ ಕೇಳುತ್ತಿತ್ತು. ಅವಳು ಕೈಗಡಿಯಾರ ನೋಡಿಕೊಂಡು ಮಾತು ಮುಂದುವರಿಸಿದಳು.

“ಹ್ಞಾಂ ಹ್ಞಾಂ,” ಎಂದರು ಯಶವಂತ. ಎಂಟು ಸೆಕೆಂಡು. ಸಾಹೇಬರದು ಸ್ವಲ್ಪ ನಿಧಾನದ ಕೈ.

“ಮತ್ತ ಸರ್, ದುಂಡಮ್ಮಾರ ಎಮ್ಮಿ ಹುಲಿಮರಿ ಹಾಕ್ಯದ. ನಮ್ಮ ಆಫೀಸಿಗಿ ಕಳಸ್ತಾರಂತ.”

“ವೆರಿ ಗುಡ್. ಸ್ಟೋರಿನ್ಯಾಗ ಇಡಸ್ರಿ.”

ಹುಮನಾಬಾದಿನಿಂದ ಬಂದ ಬಸ್ಸು ತಿರುಗಿ ನಿಂತಿತು, ಅವಳು ಹತ್ತಲಿಲ್ಲ. ಸೆರಗಿನ ಗಂಟನ್ನು ಎದೆಗೊತ್ತಿಕೊಂಡು, ಫೋನ್ ಕಿವಿಗಿಟ್ಟುಕೊಂಡು ಸುಮ್ಮನೆ ನಿಂತಳು. ಟಕಟಕ ಇನ್ನೂ ಸ್ವಲ್ಪ ಹೊತ್ತು ನಡೆಯಿತು, ಒಂದೆರಡು ಸಲ ತಡವರಿಸಿತು, ನಿಂತಿತು.

“ಹಲೋ? ಪ್ರಿಯದರ್ಶಿನಿ? ಎಮ್ಮಿ ಏನ್ ಹಾಕ್ಯದ ಅಂದ್ರಿ?”

“ಲ್ಯಾಪ್‌ಟಾಪ್ ಮುಚ್ಚರಿ ಸರ್,” ಎಂದಳು ಅವಳು, “ಮೊದಲಿಂದ ಹೇಳ್ತೀನಿ. ಒಂದು ಕೈಗಡಿಯಾರ ಇತ್ತು.”